ಗ್ಲೌಸಿನಲ್ಲಿ ಸಿಕ್ಕ ಮೂರು ಸಾಲು

ಹಾರ್ಲನ್ ಮಿಲ್ಸ್, ಉತ್ತರ ಕ್ಯಾರೊಲಿನಾ
೧೦ ಮೇ ೧೯೫೩

ಯೂಯಾ ಅಕ್ಕನಿಗೆ,

ನೀನು ಕಳಿಸಿದ ಸೀಬೆಹಣ್ಣಿನ ಬರ್ಫಿ, ಎರಡು ಬನಿಯನ್, ನಾಲ್ಕು ಪುಟದ ಬೈಗುಳ ಎಲ್ಲವೂ ಒಂದೇ ದಿನ ಬಂದು ತಲುಪಿದವು. ಬೈಗುಳವನ್ನು ಎರಡು ಸಲ ಓದಿದೆ. ಬರ್ಫಿಯ ಡಬ್ಬಿ ಇನ್ನೂ ತೆರೆದಿಲ್ಲ, ತೆರೆದರೆ ಮುಗಿದುಹೋಗುತ್ತದೆ.

ಊಟದ ಚಿಂತೆ ಬಿಡು. ಬೇರೆ ಊರಿಗೆ ಆಡಲು ಹೋದಾಗ ತಂಡದ ಉಳಿದವರು ಹೋಟೆಲಿನೊಳಗೆ ನೂಕುನುಗ್ಗಲಲ್ಲಿ ತಿನ್ನುತ್ತಾರೆ. ನನಗೆ ಬಸ್ಸಿಗೇ ತಂದುಕೊಡುತ್ತಾರೆ, ಇಡೀ ಬಸ್ಸು ನನ್ನೊಬ್ಬನದೇ. ಇಲ್ಲಿ ಇರುವುದು ಮಿಸೆಸ್ ಪ್ರೂಯಿಟ್ ಎಂಬ ನಮ್ಮ ಹಾಗೇ ಕಪ್ಪು ಬಣ್ಣದ ಹೆಂಗಸಿನ ಮನೆಯಲ್ಲಿ. ಆಕೆ ಹೇಳುವುದು ನನಗೆ ತಿಳಿಯುವುದಿಲ್ಲ, ನಾನು ಹೇಳುವುದು ಆಕೆಗೆ ತಿಳಿಯುವುದಿಲ್ಲ. ಆದ್ದರಿಂದ ಈವರೆಗೆ ಜಗಳವಾಗಿಲ್ಲ.

ಈಗ ಕಷ್ಟದ ಮಾತು. ತಲೆಯ ಮೇಲಿಂದ ಹಾರಿಬರುವ ಚೆಂಡುಗಳು ನನ್ನ ಹಿಂದೆ ಬೀಳುತ್ತಿವೆ. ಈ ವಾರ ಮೂರು ಬಿದ್ದವು. ಮ್ಯಾನೇಜರ್ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಮೂವತ್ತರ ಮೇಲೆ ಬೆರಳಿಟ್ಟು, ಆಮೇಲೆ ಬಾಗಿಲಿನ ಕಡೆಗೆ ತೋರಿಸಿದ. ಅದಕ್ಕೆ ಇಂಗ್ಲಿಷ್ ಬೇಕಾಗಲಿಲ್ಲ.

ನಿನಗೆ ಬೇಸ್‌ಬಾಲ್ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಚೆಂಡು ಹಿಡಿಯುವ ನಮ್ಮ ಸರದಿ ಮುಗಿದು ಬ್ಯಾಟ್ ಮಾಡಲು ಓಡುವಾಗ ಗ್ಲೌಸನ್ನು ಯಾರೂ ಒಯ್ಯುವುದಿಲ್ಲ. ನಿಂತಲ್ಲೇ ಹುಲ್ಲಿನ ಮೇಲೆ ಎಸೆದು ಬರುತ್ತೇವೆ. ಎದುರಾಳಿ ತಂಡದವನು ಅದೇ ಜಾಗಕ್ಕೆ ಬಂದು ನಿಲ್ಲುತ್ತಾನೆ, ಅವನ ಸರದಿ ಮುಗಿದಾಗ ಅವನೂ ತನ್ನದನ್ನು ಅಲ್ಲೇ ಬಿಡುತ್ತಾನೆ. ಹೀಗೆ ಎಡಬದಿಯ ಮೈದಾನದಲ್ಲಿ ನನ್ನ ಗ್ಲೌಸಿಗೆ ಜೊತೆಯಾಗಿರುವುದು ಹಾಯ್ಟ್ ಬ್ಲೆಡ್‌ಸೋ ಎಂಬವನ ಗ್ಲೌಸು. ಅವನು ಪಕ್ಕದ ಊರಿನ ತಂಡದ ಹಳೆಯ ಆಟಗಾರ, ಮೂವತ್ತೆಂಟು ವರ್ಷವಂತೆ. ಶನಿವಾರ ನನ್ನ ಗ್ಲೌಸಿಗೆ ಕೈ ಹಾಕಿದರೆ ಒಳಗೊಂದು ಕಪ್ಪೆ. ನಾನು ಕಿರುಚಿದ್ದು ಹವಾನಾಕ್ಕೂ ಕೇಳಿಸಿರಬೇಕು, ಜನ ಬಿದ್ದು ಬಿದ್ದು ನಕ್ಕರು. ಇವತ್ತು ಕಪ್ಪೆಯ ಬದಲು ಒಂದು ಚೀಟಿ ಇತ್ತು, ಕೆಳಗೆ ಬ್ಲೆಡ್‌ಸೋ ಹೆಸರು.

ಮಿಸೆಸ್ ಪ್ರೂಯಿಟ್‌ಗೆ ತೋರಿಸಿದೆ. ಓದಿದವಳೇ ಅದನ್ನು ಒಲೆಗೆ ಹಾಕಹೊರಟಳು. ಜೂಜಿನ ಚೀಟಿ ಎಂದುಕೊಂಡಳೋ ಏನೋ. ಕೈಯಿಂದ ಕಿತ್ತುಕೊಂಡೆ. ಮೂರು ಸಾಲಿದೆ, ಚಿತ್ರ ಬಿಡಿಸಿದ ಹಾಗೆ ಒಂದೊಂದೇ ಅಕ್ಷರವನ್ನು ಇನ್ನೊಂದು ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಏನಿದೆ ಹೇಳು. ಬೈಗುಳವಾಗಿದ್ದರೆ ನಾನು ಮುಂದಿನ ಬಸ್ಸು ಹತ್ತುತ್ತೇನೆ ಅಕ್ಕ. ಎದುರಿಗೆ ಬೈದದ್ದು ಅರ್ಥವಾಗುವುದಿಲ್ಲ, ಅದಕ್ಕೇ ತಡೆದುಕೊಂಡಿದ್ದೇನೆ. ಬರೆದು ಕೊಟ್ಟದ್ದನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ನಿನ್ನ ತಮ್ಮ
ಎವೆಲಿಯೊ

* * *

ಕಾಯ್ಬಾರಿಯೆನ್, ಕ್ಯೂಬಾ
೧೮ ಮೇ ೧೯೫೩
(ಇದನ್ನು ಅಂಚೆಗೆ ಹಾಕಲಿಲ್ಲ. ಯೂಯಾ)

ಎವೆಲಿಯೊ,

ಓದಿದೆ. ಸಕ್ಕರೆ ಕಾರ್ಖಾನೆಯ ಅಮೆರಿಕದ ಸಾಹೇಬರ ಮನೆಯಲ್ಲಿ ಹನ್ನೆರಡು ವರ್ಷ ಇಸ್ತ್ರಿ ಮಾಡಿದವಳು ನಾನು. ದೊರೆಸಾನಿ ಅಂಗಿಯ ಕಾಲರಿಗೆ ಪಿನ್ನು ಚುಚ್ಚಿ ಬಿಡುತ್ತಿದ್ದ ಚೀಟಿಗಳೇ ನನ್ನ ಇಂಗ್ಲಿಷ್ ಶಾಲೆ. ಆ ಭಾಷೆಯಲ್ಲಿ ನನಗೆ ಮೊದಲು ಬಂದದ್ದು ಬೈಗುಳ, 'ದಯವಿಟ್ಟು' ಎಂಬುದು ಆಮೇಲೆ ಬಂತು.

ಮೊದಲ ಸಾಲಿನಲ್ಲಿ ನಿನ್ನನ್ನು ಮನುಷ್ಯ ಎಂದು ಕರೆದಿಲ್ಲ. ಎರಡನೆಯದರಲ್ಲಿ ಕಬ್ಬಿನ ಗದ್ದೆಗೆ ವಾಪಸು ಹೋಗು ಎಂದಿದೆ. ಮೂರನೆಯದನ್ನು ನನ್ನ ಕೈ ಬರೆಯುವುದಿಲ್ಲ. ಮಿಸೆಸ್ ಪ್ರೂಯಿಟ್ ಅದನ್ನು ಒಲೆಗೆ ಹಾಕಹೊರಟದ್ದು ಸರಿ. ಆ ಬಸ್ಸಿನ ಊಟದ ಕಥೆಯನ್ನೂ ನನಗೆ ಹೇಳಬೇಡ, ಹಿಂಬಾಗಿಲ ಊಟ ನಾನು ನೋಡದ್ದಲ್ಲ.

ಬಾ ಮನೆಗೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಹೋದಂದಿನಿಂದ ಈ ಮನೆಯಲ್ಲಿ ಬೈಯಲು ಯಾರೂ ಇಲ್ಲ, ಕೋಳಿಗೆ ಬೈಯುತ್ತಿದ್ದೇನೆ.

ಇಷ್ಟು ಬರೆದು ನಿಲ್ಲಿಸಿದೆ. ಇದನ್ನು ಕಳಿಸಿದರೆ ಹತ್ತು ದಿನದಲ್ಲಿ ನೀನು ಬಾಗಿಲಲ್ಲಿ ನಿಂತಿರುತ್ತೀಯ. ನನಗೆ ಬೇಕಾದದ್ದೂ ಅದೇ. ಆದರೆ ಆರನೇ ವಯಸ್ಸಿನಲ್ಲಿ ನನ್ನ ಚಪ್ಪಲಿ ಕತ್ತರಿಸಿ ಗ್ಲೌಸು ಮಾಡಿಕೊಂಡವನು ನೀನು. ಅವನ ಮೂರು ಸಾಲಿಗೆ ನೀನು ಮನೆಗೆ ಬಂದರೆ ಜೀವಮಾನವಿಡೀ ಈ ಜಗಲಿಯ ಮೇಲೆ ಕೂತು ಅದನ್ನೇ ಓದುತ್ತಿರುತ್ತೀಯ. ಅದನ್ನು ನೋಡುತ್ತಾ ಅನ್ನ ಬಡಿಸಲು ನನ್ನಿಂದಾಗದು.

ಕೊಡೆ ತೆಗೆದುಕೊಂಡು ಹೊರಟಿದ್ದೇನೆ. ಕ್ಷೌರದಂಗಡಿಗೆ. ಹತ್ತೊಂಬತ್ತು ವರ್ಷ ಎಡಬದಿಯ ಮೈದಾನ ಕಾದ ದೋನ್ ಸೆವೆರೊ ಅಲ್ಲೇ ಕೂತಿರುತ್ತಾನೆ. ಹೆಂಗಸು ಕ್ಷೌರದಂಗಡಿಗೆ ನುಗ್ಗಿದಳು ಎಂದು ಊರೆಲ್ಲ ಆಡಿಕೊಳ್ಳಲಿ.

* * *

ಕಾಯ್ಬಾರಿಯೆನ್
೨೧ ಮೇ ೧೯೫೩

ಎವೆಲಿಯೊ,

ಮೊದಲು ಬೈಗುಳ, ಆಮೇಲೆ ಕ್ಷೇಮ ಸಮಾಚಾರ. ಬರ್ಫಿ ಹುಳ ಹಿಡಿಯುವ ಮೊದಲು ತಿನ್ನು. ಒಂದು ಚೀಟಿಗೆ ಹೆದರಿ ಬಸ್ಸು ಹತ್ತುತ್ತೇನೆ ಎನ್ನುವವನನ್ನು ನಾನು ಸಾಕಿಲ್ಲ.

ನಿನ್ನ ಚೀಟಿ ಬೈಗುಳವಲ್ಲ, ಬುದ್ಧಿಮಾತು. ಹಳೆಯ ಆಟಗಾರ ನೀನು ಒದ್ದಾಡುವುದನ್ನು ನೋಡಲಾರದೆ ಬರೆದಿದ್ದಾನೆ. ಸಾಲು ಸಾಲಾಗಿ ಹೇಳುತ್ತೇನೆ.

ಮೊದಲ ಸಾಲು: ಚೆಂಡು ಬ್ಯಾಟಿಗೆ ಬಡಿದ ಕೂಡಲೇ ನಿನ್ನ ಮೊದಲ ಹೆಜ್ಜೆ ಹಿಂದಕ್ಕಿರಲಿ, ಮುಂದಕ್ಕೆ ಓಡಲು ಯಾವ ಕತ್ತೆಗಾದರೂ ಬರುತ್ತದೆ.

ಎರಡನೆಯ ಸಾಲು: ಕಣ್ಣಿಗಿಂತ ಮೊದಲು ಕಿವಿಯನ್ನು ನಂಬು, ಒಣ ಸೌದೆ ಸೀಳಿದ ಸದ್ದಾದರೆ ಚೆಂಡು ದೂರ ಬರುತ್ತದೆ, ಹಸಿ ಸೌದೆಯ ಸದ್ದಾದರೆ ಹತ್ತಿರವೇ ಬೀಳುತ್ತದೆ.

ಮೂರನೆಯ ಸಾಲು: ಸಂಜೆ ಬಿಸಿಲಿಗೆ ಟೋಪಿ ಎಳೆದುಕೊಳ್ಳಬೇಡ, ಗ್ಲೌಸನ್ನೇ ಸೂರ್ಯನಿಗೆ ಅಡ್ಡ ಹಿಡಿದು ಅದರ ಅಂಚಿನಿಂದ ನೋಡು.

ಅಷ್ಟೇ. ಕಪ್ಪೆ ಇಟ್ಟವನು ಬೇರೆ ಯಾರೋ ಇರಬೇಕು. ಮಿಸೆಸ್ ಪ್ರೂಯಿಟ್ ಮೇಲೆ ಕೋಪ ಬೇಡ, ಆಕೆ ಒಳ್ಳೆಯವಳು. ಆ ಚೀಟಿಯನ್ನು ಮಾತ್ರ ಇನ್ನು ಯಾರಿಗೂ ತೋರಿಸಬೇಡ. ಆಟದ ಗುಟ್ಟು ಬಯಲಾಗುತ್ತದೆ.

ಯೂಯಾ

* * *

ಹಾರ್ಲನ್ ಮಿಲ್ಸ್
೯ ಜೂನ್ ೧೯೫೩

ಅಕ್ಕಾ,

ನಿನ್ನ ಪತ್ರ ಓದಿ ನಾಚಿಕೆಯಾಯಿತು. ಪರದೇಶದಲ್ಲಿ, ಮಾತೂ ಆಡದ ಮನುಷ್ಯನೊಬ್ಬ ನನಗಾಗಿ ಪೆನ್ಸಿಲ್ ಹಿಡಿದಿದ್ದಾನೆ, ನಾನು ಅವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಆ ಚೀಟಿಯನ್ನು ಸಣ್ಣಗೆ ಮಡಿಚಿ ಗ್ಲೌಸಿನ ಅಂಗೈ ಚರ್ಮದ ಒಳಗೆ ಸೇರಿಸಿ ಹೊಲಿದಿದ್ದೇನೆ. ಈಗ ಅದು ಅಲ್ಲೇ ಇರುತ್ತದೆ.

ದಿನಾ ಬೆಳಿಗ್ಗೆ ಮಿಸೆಸ್ ಪ್ರೂಯಿಟ್ ಹಿತ್ತಲಲ್ಲಿ ಸೌದೆ ಒಡೆಯುತ್ತಾಳೆ. ನಾನು ಬೆನ್ನು ತಿರುಗಿಸಿ ನಿಂತು, ಪ್ರತಿ ಏಟಿಗೂ "ಒಣ", "ಹಸಿ" ಎಂದು ಕೂಗುತ್ತೇನೆ. ಮೊದಲ ದಿನ ಆಕೆ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಈಗ ಬೇಕೆಂದೇ ಹಸಿಯದನ್ನು ಒಂದು, ಒಣಗಿದ್ದನ್ನು ಒಂದು ಇಟ್ಟು ಪರೀಕ್ಷೆ ಮಾಡುತ್ತಾಳೆ. ಸೌದೆ ಖಾಲಿಯಾದರೆ ಪಕ್ಕದ ಮನೆಯಿಂದ ತರಿಸುತ್ತಾಳೆ.

ಹತ್ತು ದಿನದಿಂದ ನನ್ನ ಹಿಂದೆ ಒಂದು ಚೆಂಡೂ ಬಿದ್ದಿಲ್ಲ. ಮ್ಯಾನೇಜರ್ ಕ್ಯಾಲೆಂಡರಿನ ಜೂನ್ ಹಾಳೆಯನ್ನು ಹಿಂದಕ್ಕೆ ಮಡಿಚಿ, ಆಗಸ್ಟ್ ಕೊನೆಯ ಮೇಲೆ ಬೆರಳಿಟ್ಟ. ಎರಡು ತಿಂಗಳು ಸಿಕ್ಕಿತು.

ಉಪಕಾರಕ್ಕೆ ಉಪಕಾರ ಮಾಡದೆ ಇರಲು ಆಗುತ್ತದೆಯೇ? ಇವತ್ತು ನಿನ್ನ ಬರ್ಫಿಯ ಡಬ್ಬಿ ತೆರೆದು, ನಾಲ್ಕು ದೊಡ್ಡ ತುಂಡು ಕಾಗದದಲ್ಲಿ ಸುತ್ತಿ, ಮೇಲೆ ನನಗೆ ಬರುವ ಎರಡೇ ಇಂಗ್ಲಿಷ್ ಪದ, 'ಥ್ಯಾಂಕ್ ಯೂ' ಎಂದು ಬರೆದಿದ್ದೇನೆ, ಸಂಜೆಯ ಆಟದಲ್ಲಿ ಬ್ಲೆಡ್‌ಸೋನ ಗ್ಲೌಸಿನೊಳಗೆ ಇಟ್ಟುಬಿಡುತ್ತೇನೆ.

ಎವೆಲಿಯೊ

* * *

ಕಾಯ್ಬಾರಿಯೆನ್
೧೭ ಜೂನ್ ೧೯೫೩

ಎವೆಲಿಯೊ,

ಏನು ಮಾಡಿದೆಯೋ! ನಾನು ಬಿಸಿಲಲ್ಲಿ ನಿಂತು ಕಲಕಿದ ಬರ್ಫಿಯನ್ನು ಯಾರಿಗೆ ಕೊಟ್ಟೆ? ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇದ್ದರೆ? ಅಮೆರಿಕದವರಿಗೆ ಸಿಹಿ ಕೊಟ್ಟರೆ ಅವಮಾನ ಎಂದುಕೊಳ್ಳುತ್ತಾರೆ, ನಾನು ಹನ್ನೆರಡು ವರ್ಷ ನೋಡಿದ್ದೇನೆ. ಇನ್ನು ಮೇಲೆ ಅವನಿಗೆ ಏನೂ ಕೊಡಬೇಡ, ಅವನ ಹತ್ತಿರ ಹೋಗಬೇಡ, ನಿನ್ನ ಗ್ಲೌಸನ್ನು ಅವನದರಿಂದ ದೂರ ಎಸೆ. ಬುದ್ಧಿ ಹೇಳಿದ, ಕೇಳಿದೆ, ಮುಗಿಯಿತು.

ನಿನಗೆ ಬೇರೆ ಡಬ್ಬಿ ಕಳಿಸುತ್ತಿದ್ದೇನೆ. ಎರಡು ತುಂಡು ಮಿಸೆಸ್ ಪ್ರೂಯಿಟ್‌ಗೆ. ಉಳಿದದ್ದು ನಿನಗೆ. ಬೇರೆ ಯಾರಿಗೂ ಅಲ್ಲ.

ಯೂಯಾ

* * *

ಹಾರ್ಲನ್ ಮಿಲ್ಸ್
೯ ಜುಲೈ ೧೯೫೩

ಅಕ್ಕಾ,

ಸಿಟ್ಟು ಮಾಡಿಕೊಳ್ಳಬೇಡ. ನೀನು ಅಂದುಕೊಂಡ ಹಾಗೆ ಆಗಲಿಲ್ಲ, ಕೇಳು.

ಬ್ಲೆಡ್‌ಸೋ ಅವತ್ತು ಗ್ಲೌಸನ್ನು ಮೊದಲು ತಲೆಕೆಳಗೆ ಮಾಡಿ ಕೊಡವಿದ. ಪೊಟ್ಟಣ ಬಿತ್ತು. ಅವನು ಅಂಪೈರನ್ನು ಕರೆದ. ಅಂಪೈರ್ ಮೂಸಿ ನೋಡಿ ಭುಜ ಕುಣಿಸಿದ. ಆಟ ನಿಲ್ಲಿಸಿ ಹತ್ತು ಜನ ಸುತ್ತ ನಿಂತರು. ಕೊನೆಗೆ ಮೈದಾನ ಕಾಯುವವನ ನಾಯಿಗೆ ಒಂದು ತುಂಡು ಹಾಕಿದರು. ಎರಡು ಇನ್ನಿಂಗ್ಸ್ ನಾಯಿಯನ್ನೇ ನೋಡುತ್ತಾ ಆಡಿದರು. ಅದು ಸಾಯುವ ಬದಲು ಎಡಬದಿಯ ಮೈದಾನಕ್ಕೆ ಬಂದು ಬ್ಲೆಡ್‌ಸೋನ ಗ್ಲೌಸಿನ ಮುಂದೆ ಕೂತುಬಿಟ್ಟಿತು. ಆಮೇಲೆ ಅವನೂ ತಿಂದ. ಮೂರು ತುಂಡನ್ನೂ ತಿಂದ, ಯಾರಿಗೂ ಕೊಡಲಿಲ್ಲ.

ಮಾರನೆಯ ದಿನ ಒಂದು ಚೀಟಿ ಇತ್ತು. ಕಳೆದ ಶನಿವಾರ ಅವರ ಊರಿನಲ್ಲಿ ಆಡುವಾಗ ಇನ್ನೊಂದು. ಎರಡನ್ನೂ ಅಚ್ಚುಕಟ್ಟಾಗಿ ನಕಲು ಮಾಡಿ ಕಳಿಸಿದ್ದೇನೆ. ಬೇಗ ಹೇಳು.

ಎವೆಲಿಯೊ

* * *

ಕಾಯ್ಬಾರಿಯೆನ್
೧೬ ಜುಲೈ ೧೯೫೩

ಎವೆಲಿಯೊ,

ನಾಯಿಯ ಕಥೆಗೆ ನಕ್ಕು ನಕ್ಕು ಇಸ್ತ್ರಿಪೆಟ್ಟಿಗೆ ಮರೆತು ಡಾಕ್ಟರರ ಅಂಗಿಯೊಂದನ್ನು ಸುಟ್ಟೆ. ಲಕೋಟೆಯಿಂದ ಚೀಟಿಗಳನ್ನು ಮಾತ್ರ ಸಂಜೆಯವರೆಗೆ ತೆಗೆಯಲಿಲ್ಲ. ಏಕೆ ಎಂದು ಕೇಳಬೇಡ.

ಮೊದಲನೆಯದರಲ್ಲಿ ಹೀಗಿದೆ: "ಇದು ಯಾವ ಹಣ್ಣು? ನನಗೆ ಏಕೆ ಥ್ಯಾಂಕ್ಸ್ ಹೇಳಿದೆ?"

ಎರಡನೆಯದರಲ್ಲಿ: "ನಮ್ಮ ಮೈದಾನದಲ್ಲಿ ಎಡಬದಿಯ ಬಿಳಿ ಗೆರೆಯ ಪಕ್ಕ, ಬೇಲಿಯಿಂದ ಇಪ್ಪತ್ತು ಹೆಜ್ಜೆ ಈಚೆಗೆ, ಹುಲ್ಲಿನಡಿ ಚರಂಡಿಯ ಮುಚ್ಚಳವಿದೆ. ಚೆಂಡು ಅಲ್ಲಿ ಬಲಕ್ಕೆ ನೆಗೆಯುತ್ತದೆ. ಅದರ ಮೇಲೆ ಓಡಬೇಡ. ಇಬ್ಬರು ಕಾಲು ಮುರಿದುಕೊಂಡಿದ್ದಾರೆ. ನಮ್ಮವರಿಗೆ ನಾನು ಹೇಳಿದೆ ಎನ್ನಬೇಡ."

ಈ ಸಲ ಒಂದಕ್ಷರವನ್ನೂ ಬಿಟ್ಟಿಲ್ಲ, ಒಂದಕ್ಷರವನ್ನೂ ಸೇರಿಸಿಲ್ಲ. ನಾಲ್ಕು ಸಲ ಓದಿದೆ ಎವೆಲಿಯೊ. ನಿನ್ನ ಕಾಲು ಮುರಿಯಬಾರದು ಎಂದು ಅಲ್ಲಿ ಒಬ್ಬನಿಗೆ ಅನ್ನಿಸಿದೆಯಲ್ಲ. ದೇವರು ಅವನನ್ನು ಚೆನ್ನಾಗಿಟ್ಟಿರಲಿ ಎಂದು ನನ್ನ ಬಾಯಿಂದಲೇ ಬಂತು, ಬಂದ ಮೇಲೆ ನನಗೇ ಆಶ್ಚರ್ಯವಾಯಿತು.

ಇನ್ನೊಂದು ಡಬ್ಬಿ ಕಳಿಸುತ್ತೇನೆ. ಅವನಿಗೂ ಕೊಡು.

ಯೂಯಾ

* * *

ಹಾರ್ಲನ್ ಮಿಲ್ಸ್
೨೪ ಆಗಸ್ಟ್ ೧೯೫೩

ಅಕ್ಕಾ,

ನಿನ್ನೆ ಭಾನುವಾರ. ನಮ್ಮ ಮೈದಾನದಲ್ಲಿ ಅವರೊಂದಿಗೆ ಆಟ. ಒಂಬತ್ತನೇ ಇನ್ನಿಂಗ್ಸ್, ನಾವು ಒಂದೇ ರನ್ ಮುಂದೆ. ಅವರ ಇಬ್ಬರು ಔಟಾಗಿದ್ದರು, ಇಬ್ಬರು ಓಡಲು ಸಿದ್ಧವಾಗಿ ಬೇಸಿನ ಮೇಲೆ ನಿಂತಿದ್ದರು. ಬ್ಯಾಟ್ ಹಿಡಿದು ಬಂದವನು ಬ್ಲೆಡ್‌ಸೋ. ಚೆಂಡು ನನ್ನ ತಲೆಯ ಮೇಲಿಂದ ಹೋದರೆ ಅವರು ಮುಂದೆ ಹೋದಂತೆ, ನನ್ನ ಕ್ಯಾಲೆಂಡರೂ ಮುಗಿದಂತೆ.

ಒಣ ಸೌದೆ. ಅಷ್ಟೇ ಕೇಳಿಸಿತು. ಚೆಂಡು ಕಣ್ಣಿಗೆ ಬೀಳುವ ಮೊದಲೇ ನನ್ನ ಬಲಗಾಲು ಹಿಂದಕ್ಕೆ ಹೋಗಿತ್ತು. ಬೆನ್ನು ತಿರುಗಿಸಿ ಓಡಿದೆ. ದಾರಿಯಲ್ಲಿ ಬ್ಲೆಡ್‌ಸೋನ ಗ್ಲೌಸು ಬಿದ್ದಿತ್ತು. ಅದು ಎಲ್ಲಿದೆ ಎಂದು ನನಗೆ ಗೊತ್ತು, ಈ ಸರದಿಯ ಶುರುವಿಗೇ ನಾನು ಅದರಲ್ಲಿ ಬರ್ಫಿ ಇಟ್ಟಿದ್ದೆ. ನೋಡದೆಯೇ ಹಾರಿದೆ. ತಿರುಗಿದರೆ ಎದುರಿಗೇ ಸೂರ್ಯ. ಗ್ಲೌಸನ್ನು ಅಡ್ಡ ಹಿಡಿದೆ. ಅಂಚಿನಿಂದ ಸಣ್ಣ ಕಪ್ಪು ಚುಕ್ಕೆ ಕಂಡಿತು, ಆಮೇಲೆ ಅದು ಅಂಗೈಗೆ ಬಂದು ಬಡಿಯಿತು. ಬೇಲಿಗೆ ಬೆನ್ನು ತಾಗಿ ಕೂತುಬಿಟ್ಟೆ, ಚೆಂಡು ಬಿಡಲಿಲ್ಲ.

ಜನ ಎದ್ದು ನಿಂತರು. ಬಿಳಿಯರ ಗ್ಯಾಲರಿಯಲ್ಲೂ ಎದ್ದರು. ನಮ್ಮವರು ಕೂರುವ ತಗಡಿನ ಗ್ಯಾಲರಿಯಿಂದ ಮಿಸೆಸ್ ಪ್ರೂಯಿಟ್ ನಾನು ಕಲಿಸಿದ ನಮ್ಮ ಭಾಷೆಯಲ್ಲೇ "ಒಣ! ಒಣ!" ಎಂದು ಕೂಗುತ್ತಿದ್ದಳು. ಮ್ಯಾನೇಜರ್ ನನ್ನೆದುರಿಗೇ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದ.

ಬ್ಲೆಡ್‌ಸೋ ತನ್ನ ಗ್ಲೌಸು ಒಯ್ಯಲು ಬಂದ. ಈಗ ನನಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ.

"ಹಿಂದಕ್ಕೆ ಹೆಜ್ಜೆ ಇಡೋದು ಯಾರೋ ಕಲಿಸಿದ್ದು ನಿಂಗೆ?" ಅಂದ.

"ನೀವೇ ಅಲ್ವಾ ಸಾರ್," ಅಂದೆ.

"ನಾನಾ? ಯಾವಾಗ?"

ಹೊಲಿಗೆ ಬಿಚ್ಚಿ ಚೀಟಿ ತೆಗೆದು ಕೊಟ್ಟೆ. ಅವನು ಓದಿದ. ತನ್ನ ಹತ್ತಿರವೇ ಇರಲಿ, ಕೊನೆಯ ಆಟದ ದಿನ ಕೊಡುತ್ತೇನೆ ಎಂದ. ಏಕೋ ಗೊತ್ತಿಲ್ಲ. ಇಷ್ಟೇ ಸಮಾಚಾರ.

ಎವೆಲಿಯೊ

* * *

ಕಾಯ್ಬಾರಿಯೆನ್
೩೧ ಆಗಸ್ಟ್ ೧೯೫೩

ಎವೆಲಿಯೊ,

ನಿನ್ನ ಪತ್ರ ಓದಿ ಮೊದಲು ಕುಣಿದೆ, ಕೊನೆಯ ನಾಲ್ಕು ಸಾಲಿಗೆ ಬಂದು ಕೂತೆ. ಬೇರೆ ಯಾರಿಂದಲೋ ನಿನಗೆ ತಿಳಿಯುವ ಮೊದಲು ನಾನೇ ಹೇಳಬೇಕು. ಮೇ ಹದಿನೆಂಟರಂದು ಬರೆದು ಅಂಚೆಗೆ ಹಾಕದ ಪತ್ರವೊಂದು ಜೀರಿಗೆ ಡಬ್ಬಿಯಲ್ಲಿತ್ತು. ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ಓದಿ ಆಮೇಲೆ ಇದನ್ನು ಓದು.

ಓದಿದೆಯಾ? ಆ ದಿನ ನಾನು ಕ್ಷೌರದಂಗಡಿಗೆ ಹೋದಾಗ ದೋನ್ ಸೆವೆರೊ ಮುಖದ ತುಂಬ ಸೋಪು ಹಚ್ಚಿಕೊಂಡು ಕೂತಿದ್ದ.

"ಎಡಬದಿಲಿ ನಿಲ್ಲೋನಿಗೆ ಮೂರೇ ಮಾತು ಹೇಳ್ಬೇಕು ಅಂದ್ರೆ ಏನ್ ಹೇಳ್ತೀಯ ದೋನ್ ಸೆವೆರೊ?" ಅಂದೆ.

"ಯಾಕಮ್ಮಾ, ನೀನೇ ಆಡೋಕೆ ಹೊರಟ್ಯಾ?"

"ಮೂರೇ ಸಾಲು. ನಾಲ್ಕಾಗಬಾರದು, ಎರಡೂ ಆಗಬಾರದು."

ಅವನು ನನ್ನ ಮುಖ ನೋಡಿದ. ಕೈಯಲ್ಲಿದ್ದ ನಿನ್ನ ಹಾಳೆಯನ್ನೂ ನೋಡಿದ. ನಗುವುದನ್ನು ನಿಲ್ಲಿಸಿದ. ಕ್ಷೌರಿಕನಿಗೆ ಕತ್ತಿ ಕೆಳಗಿಡು ಎಂದು ಹೇಳಿ, ಸೋಪು ಒಣಗಿ ಬಿರಿಯುವವರೆಗೆ ಕಣ್ಣು ಮುಚ್ಚಿ ಯೋಚಿಸಿದ. ಹತ್ತೊಂಬತ್ತು ವರ್ಷದ್ದನ್ನು ಮೂರು ಸಾಲಿಗೆ ಇಳಿಸುವುದು ಸುಲಭವಲ್ಲ. ಆಮೇಲೆ ಒಂದೊಂದಾಗಿ ಹೇಳಿದ, ನಾನು ಬರೆದುಕೊಂಡೆ. ಯಾರಿಗೆ ಎಂದು ಕೇಳಲೇ ಇಲ್ಲ.

ನಿನಗೆ ಸುಳ್ಳು ಹೇಳಿದೆ. ಶತ್ರುವಿಗೆ ಕೈ ಮುಗಿಯುವ ಹಾಗೆ ಮಾಡಿದೆ. ಬೈಯುವುದಾದರೆ ಬೈ, ನಾಲ್ಕು ಪುಟ ಬೈ. ಆದರೆ ಮನೆಗೆ ಬಂದು ಬೈ.

ನಿನ್ನ ಅಕ್ಕ
ಯೂಯಾ

* * *

ಹಾರ್ಲನ್ ಮಿಲ್ಸ್
೧೨ ಸೆಪ್ಟೆಂಬರ್ ೧೯೫೩

ಯೂಯಾ ಅಕ್ಕನಿಗೆ,

ನನಗೂ ಒಂದು ತಪ್ಪೊಪ್ಪಿಗೆ ಇದೆ. ಆ ಭಾನುವಾರವೇ ನನಗೆ ತಿಳಿಯಿತು. ನಿನಗೆ ಬರೆಯಲಿಲ್ಲ, ನೀನು ನೊಂದುಕೊಳ್ಳುತ್ತೀಯ ಎಂದು.

ಚೀಟಿಯನ್ನು ಬಿಚ್ಚಿ ಅವನ ಕೈಗೆ ಕೊಡುವಾಗ ನನ್ನ ಕಣ್ಣೂ ಅದರ ಮೇಲೆ ಬಿತ್ತು. ಮೇ ತಿಂಗಳಿನಿಂದ ನಾನು ಅದನ್ನು ಮತ್ತೆ ತೆರೆದು ನೋಡಿರಲಿಲ್ಲ. ಅಷ್ಟರಲ್ಲಿ ಆ ಮೂರು ಸಾಲಿನ ಒಂದೊಂದು ಪದವೂ ನನಗೆ ಗೊತ್ತಾಗಿತ್ತು. ಗ್ಯಾಲರಿಯಿಂದ ದಿನಾ ಕೂಗುತ್ತಿದ್ದರಲ್ಲ, ಕಲಿತಿದ್ದೆ. ಇಬ್ಬರೂ ನಿಂತು ಓದಿದೆವು. ಬ್ಲೆಡ್‌ಸೋನ ಕಿವಿ ಕೆಂಪಾಯಿತು.

"ಇದನ್ನ ನಿಂಗೆ ಓದಿ ಹೇಳಿದ್ದು ಯಾರು?" ಅಂದ.

"ನನ್ನ ಅಕ್ಕ."

"ಏನಿದೆ ಅಂತ ಹೇಳಿದ್ರು?"

ಹೇಳಿದೆ. ಹೆಜ್ಜೆ, ಸೌದೆ, ಸೂರ್ಯ. ಕತ್ತೆಯನ್ನೂ ಹೇಳಿದೆ. ಹೇಳುವಾಗಲೇ ನನಗೆ ಹೊಳೆಯಿತು. ಈ ಊರಿನಲ್ಲಿ ನಾನು ಒಂದು ಕತ್ತೆಯನ್ನೂ ನೋಡಿಲ್ಲ. ಆಟದ ಮಾತಿನಲ್ಲಿ ಕತ್ತೆಯನ್ನು ಎಳೆದು ತರುವವನು ಜಗತ್ತಿನಲ್ಲಿ ಒಬ್ಬನೇ, ಕ್ಷೌರದಂಗಡಿಯಲ್ಲಿ ಕೂತಿರುತ್ತಾನೆ. ಸಿಟ್ಟು ಬರಬೇಕಾದ ಜಾಗದಲ್ಲಿ ನೀನು ಕೊಡೆ ಹಿಡಿದು ಆ ಅಂಗಡಿಗೆ ನುಗ್ಗುತ್ತಿರುವುದೇ ಕಾಣಿಸಿತು.

ಅವನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅದನ್ನು ಬದಿಗಿಟ್ಟಿದ್ದೇನೆ, ಇನ್ನೂ ತೀರ್ಮಾನಿಸಿಲ್ಲ. ಚರಂಡಿಯ ಮುಚ್ಚಳ ತೋರಿಸಿದವನೂ ಅವನೇ, ಈ ಚೀಟಿ ಬರೆದವನೂ ಅವನೇ. ಎರಡೂ ಗ್ಲೌಸಿನಲ್ಲಿ ಸಿಕ್ಕಿದ್ದು.

ಸೋಮವಾರ ಕೊನೆಯ ಆಟ ಮುಗಿಯಿತು. ಮುಂದಿನ ವರ್ಷದಿಂದ ಗ್ಲೌಸನ್ನು ಮೈದಾನದಲ್ಲಿ ಬಿಡಬಾರದು, ಒಯ್ಯಬೇಕು ಎಂದು ನಿಯಮ ಬರುತ್ತದಂತೆ. ಬ್ಲೆಡ್‌ಸೋ ಮುಂದಿನ ವರ್ಷ ಆಡುವುದಿಲ್ಲ, ನಾನು ಆಡುತ್ತೇನೆ, ಸಹಿ ಹಾಕಿ ಆಯಿತು. ಕೊನೆಯ ಸರದಿಯಲ್ಲಿ ನನ್ನ ಗ್ಲೌಸಿಗೆ ಕೈ ಹಾಕಿದರೆ ಅದೇ ಚೀಟಿ ಇತ್ತು. ಮುಂಭಾಗದ ಮೂರು ಸಾಲಿನ ಮೇಲೆ ಒತ್ತಿ ಒತ್ತಿ ಗೀಚಿದ್ದಾನೆ, ಕಾಗದವೇ ಹರಿದಿದೆ. ಹಿಂಭಾಗದಲ್ಲಿ ನಿನಗೆ ಬರೆದಿದ್ದಾನೆ. ಲಕೋಟೆಯಲ್ಲಿದೆ. ನಿನಗೆ ಓದಿ ಹೇಳುವವರು ಬೇಡ, ಆದರೂ ಒಮ್ಮೆ ನಿನಗೆ ನಾನು ಓದಿ ಹೇಳಬೇಕು ಎಂದು ಆಸೆ. ಒಂದಕ್ಷರವನ್ನೂ ಬಿಟ್ಟಿಲ್ಲ, ಒಂದಕ್ಷರವನ್ನೂ ಸೇರಿಸಿಲ್ಲ:

"ಅಮ್ಮಾ, ಹದಿನಾರು ವರ್ಷ ಎಡಬದಿಯ ಮೈದಾನದಲ್ಲಿ ನಿಂತವನು ನಾನು. ನಾನು ಬರೆದೆ ಎಂದು ನೀವು ಹೇಳಿದ ಮೂರು ಸಾಲೂ ಸರಿಯಾಗಿವೆ. ಅದನ್ನೇ ನಾನು ಬರೆದಿರಬೇಕಿತ್ತು. ಹಾಯ್ಟ್ ಬ್ಲೆಡ್‌ಸೋ."

ನಾಲ್ಕು ಪುಟ ಬೈಯಲು ನನ್ನಿಂದಾಗದು. ನನ್ನನ್ನು ಇಲ್ಲಿ ನಿಲ್ಲಿಸಿದವಳು ನೀನು. ಆ ಉಪಕಾರ ಹೇಳಲು ನನಗೆ ಬರುವ ಎರಡು ಭಾಷೆಯೂ ಸಾಲವು. ಹದಿನೆಂಟಕ್ಕೆ ಹೊರಡುತ್ತೇನೆ, ಮಿಸೆಸ್ ಪ್ರೂಯಿಟ್ ನಿನಗಾಗಿ ಪೀಚ್ ಹಣ್ಣಿನ ಜಾಮ್ ಕಟ್ಟಿಕೊಟ್ಟಿದ್ದಾಳೆ. ಹಾಸಿಗೆ ಬಿಸಿಲಿಗೆ ಹಾಕು.

ಆಮೇಲೆ ಕೊಡೆ ತೆಗೆದುಕೊಂಡು ಇನ್ನೊಮ್ಮೆ ಕ್ಷೌರದಂಗಡಿಗೆ ಹೋಗು. ದೋನ್ ಸೆವೆರೊಗೆ ಹೇಳು, ಅವನ ಕತ್ತೆ ಈಗ ಹಿಂದಕ್ಕೂ ಓಡುತ್ತದೆ.

ನಿನ್ನ ತಮ್ಮ
ಎವೆಲಿಯೊ